ಆಸ್ಪತ್ರೆಯ ಫೋನ್ ಯಾರ ನಂಬರಿಗೆ ಬರುತ್ತಿದೆ?

ಈ ವಾರ ಒಂದು ಪತ್ರ ಓದಿ ಸಿಟ್ಟು ಬಂತು. ಬರೆದವರ ಮೇಲಲ್ಲ, ಅವರ ಸುತ್ತ ಇರುವವರ ಮೇಲೆ.

ಅವರಿಗೆ 57 ವರ್ಷ. ಸ್ತನ ಕ್ಯಾನ್ಸರ್, ಆರಂಭದ ಹಂತ, ಹಾರ್ಮೋನ್ ಪಾಸಿಟಿವ್, ಅಂದರೆ ಹಾರ್ಮೋನಿನ ಬಲದಿಂದ ಬೆಳೆಯುವಂಥದ್ದು. ಕೋವಿಡ್ ಕಾರಣಕ್ಕೆ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿದೆ, ಹೊಸ ದಿನಾಂಕ ಕೊಟ್ಟಿಲ್ಲ. ರಾತ್ರಿ ನಿದ್ದೆಯಿಲ್ಲ. "ಜೋರಾಗಿದ್ದಿದ್ರೆ ಕಾಯಿಸ್ತಿದ್ರಾ? ಸುಮ್ನೆ ತಲೆ ಕೆಡಿಸ್ಕೋಬೇಡ" ಅಂತ ನಾದಿನಿ ದಿನಾ ಫೋನಿನಲ್ಲಿ ಹೇಳುತ್ತಾರಂತೆ. "ಉಸಿರಿಗೆ ಒದ್ದಾಡ್ತಿರೋರ ಮುಂದೆ ನಂದೇನು ಮಹಾ ಅಂತ ಬಾಯಿ ಮುಚ್ಕೊಂಡಿದ್ದೀನಿ. ಧೈರ್ಯ ತಂದ್ಕೊಳ್ಳೋದು ಹೇಗೆ?" ಇದು ಅವರ ಪ್ರಶ್ನೆ.

ಧೈರ್ಯದ ವಿಷಯ ಆಮೇಲೆ. ಪತ್ರದ ನಡುವೆ ಒಂದು ಸಾಲು ಬರೆದು ಹಾಗೇ ದಾಟಿಬಿಟ್ಟಿದ್ದೀರಿ: "ಆಸ್ಪತ್ರೆಯವರು ಮಗನ ಹತ್ರ ಮಾತಾಡ್ತಾರೆ. ಸದ್ಯಕ್ಕೆ ಲೆಟ್ರೊಜೋಲ್ ಅಂತ ಒಂದು ಮಾತ್ರೆ ಬರೆದಿದ್ದಾರಂತೆ, ನೆನಪಾದಾಗ ತಗೋತೀನಿ."

ನೆನಪಾದಾಗ! ನಿಮ್ಮ ಕ್ಯಾನ್ಸರ್ ಈಸ್ಟ್ರೋಜೆನ್ ಹಾರ್ಮೋನಿನ ಬಲದಿಂದ ಬೆಳೆಯುವಂಥದ್ದು. ಮುಟ್ಟು ನಿಂತ ಮೇಲೂ ಮೈಯಲ್ಲಿ ಆ ಹಾರ್ಮೋನ್ ಸ್ವಲ್ಪ ಸ್ವಲ್ಪ ತಯಾರಾಗುತ್ತಲೇ ಇರುತ್ತದೆ. ಲೆಟ್ರೊಜೋಲ್ ಅದಕ್ಕೆ ಕಡಿವಾಣ ಹಾಕುತ್ತದೆ. ಆಪರೇಷನ್‌ಗೆ ಮೊದಲು ಕೆಲವು ತಿಂಗಳು ಇದನ್ನು ಕೊಟ್ಟು ಗಂಟನ್ನು ಕುಗ್ಗಿಸುವ ಪದ್ಧತಿ ಕೋವಿಡ್‌ಗೂ ಮುಂಚಿನದು. 2020ರಲ್ಲಿ ಆಪರೇಷನ್‌ಗಳು ನಿಂತಾಗ ಇಂಥ ಕ್ಯಾನ್ಸರ್ ಇದ್ದವರಿಗೆ ಡಾಕ್ಟರುಗಳು ಇದನ್ನೇ ನೆಚ್ಚಿಕೊಂಡರು. ಅಂದರೆ ನೀವು ಬರೀ ಕಾಯುತ್ತಾ ಕೂತಿಲ್ಲ. ನಿಮ್ಮ ಚಿಕಿತ್ಸೆ ಆಗಲೇ ಶುರುವಾಗಿದೆ. ಅದನ್ನು ನಿಮಗೇ ಯಾರೂ ಹೇಳಿಲ್ಲ, ಅಷ್ಟೇ.

ಯಾಕೆ ಹೇಳಿಲ್ಲ? ಫೋನ್ ಮಗನಿಗೆ ಬಂತು. ಮಗ ಕೇಳಿಸಿಕೊಂಡ, ಅಮ್ಮನಿಗೆ ಗಾಬರಿಯಾಗದಿರಲಿ ಅಂತ ಅರ್ಧ ನುಂಗಿ ಅರ್ಧ ಹೇಳಿದ. ಅವನ ಮೇಲೆ ನನಗೆ ಅಷ್ಟು ಕೋಪವಿಲ್ಲ, ಅವನೂ ಹೆದರಿದ್ದಾನೆ. ಆದರೆ ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು: ಯಾರ ಮೈಯೋ ಅವರ ಕೈಗೇ ರಿಪೋರ್ಟ್ ಬರಬೇಕು. ಮನೆಯವರು ಜೊತೆಗಿರಲಿ, ನಡುವೆ ನಿಲ್ಲೋದು ಬೇಡ.

ನಾದಿನಿಯ ಮಾತಿಗೆ ಮಾತ್ರ ನನ್ನಲ್ಲಿ ಕರುಣೆ ಇಲ್ಲ. ಕಾಯಿಸಿದ್ದು ನಿಮ್ಮ ಕಾಯಿಲೆ ಚಿಕ್ಕದು ಅಂತಲ್ಲ. ಆಪರೇಷನ್ ಸಮಯದಲ್ಲಿ ಕೋವಿಡ್ ಸೋಂಕು ತಗುಲಿದವರನ್ನು 24 ದೇಶಗಳಲ್ಲಿ ಗಮನಿಸಿದ ಅಧ್ಯಯನ 2020ರ ಮೇನಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರಲ್ಲಿ ಸುಮಾರು ಶೇ 24 ಮಂದಿ 30 ದಿನದೊಳಗೆ ತೀರಿಕೊಂಡಿದ್ದರು. ಡಾಕ್ಟರು ಆ ಅಪಾಯವನ್ನೂ ತಡವಾಗುವ ಅಪಾಯವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ತಡವಾದರೂ ಅಪಾಯ ಇದೆ, ಸುಳ್ಳು ಹೇಳಲ್ಲ. ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಜಾಸ್ತಿ ಅಂತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದನ್ನು ನೀವು ನಡುರಾತ್ರಿ ಓದಿ ನಡುಗಿದ್ದೀರಿ. ಲೆಕ್ಕ ಸರಿಯಾಗಿ ಹಾಕೋಣ. ಅಪಾಯ ನೂರಕ್ಕೆ 10 ಇದ್ದರೆ ಅದು 10.8 ಆಗುತ್ತದೆ, 18 ಅಲ್ಲ. ಅದೂ ಬೇರೆ ಬೇರೆ ರೋಗಿಗಳನ್ನು ಸೇರಿಸಿ ತೆಗೆದ ಸರಾಸರಿ. ನಿಮ್ಮ ಲೆಕ್ಕ ನಿಮ್ಮ ಫೈಲ್ ನೋಡಿದ ಡಾಕ್ಟರಿಗೆ ಮಾತ್ರ ಗೊತ್ತು.

ಹಾಗಾಗಿ ಹೇಳುವುದು ಒಂದೇ. ನಾಳೆ ಬೆಳಿಗ್ಗೆ ನಿಮ್ಮ ಫೋನಿಂದ ನೀವೇ ಆಸ್ಪತ್ರೆಗೆ ಫೋನ್ ಮಾಡಿ. ಫೈಲಿನಲ್ಲಿ ಮೊದಲ ನಂಬರ್ ನಿಮ್ಮದೇ ಇರಲಿ ಅಂತ ಹೇಳಿ, ಬರೆದುಕೊಂಡರಾ ಅಂತ ಇನ್ನೊಮ್ಮೆ ಕೇಳಿ. ಮಾತ್ರೆ ತಪ್ಪಿಸಿದ್ದನ್ನು ಮುಚ್ಚಿಡಬೇಡಿ. ಬೈದರೆ ಬೈಯಲಿ. ತಪ್ಪಿದ್ದಕ್ಕೆ ಅಂತ ಎರಡು ನುಂಗಲೂ ಬೇಡಿ. ಮುಂದಿನ ಸ್ಕ್ಯಾನ್ ಯಾವಾಗ, ಗಂಟಿನಲ್ಲೋ ಚರ್ಮದಲ್ಲೋ ಏನು ಬದಲಾದರೆ ತಕ್ಷಣ ಬರಬೇಕು, ಮಾತ್ರೆ ಕೆಲಸ ಮಾಡದಿದ್ದರೆ ಆಪರೇಷನ್ ಬೇಗ ಮಾಡುತ್ತಾರಾ, ಕೇಳಿ ಬರೆದಿಟ್ಟುಕೊಳ್ಳಿ. ಉಸಿರಿಗೆ ಒದ್ದಾಡುವವರ ಹಾಸಿಗೆಯನ್ನು ನೀವು ಕಿತ್ತುಕೊಳ್ಳುತ್ತಿಲ್ಲ. ಒಂದು ಫೋನ್ ಮಾಡುತ್ತಿದ್ದೀರಿ, ಅಷ್ಟೇ ಅಲ್ವಾ?

ಧೈರ್ಯ ಅಂದಿರಿ. ಏನು ನಡೆಯುತ್ತಿದೆ ಅಂತಲೇ ಗೊತ್ತಿಲ್ಲದವರಿಗೆ ಧೈರ್ಯ ಎಲ್ಲಿಂದ ಬರಬೇಕು? ಮೊದಲು ವಿಷಯ ತಿಳಿಯಲಿ. ಆಮೇಲೂ ನಿದ್ದೆ ಬಾರದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಔಷಧಿ, ಆಪ್ತ ಸಮಾಲೋಚನೆ ಎಲ್ಲ ಇದೆ.

ಮಗನಿಗೆ ಹೇಳಬೇಕಾ ಅಂದರೆ, ಹೇಳಿ. ಆದರೆ ಫೋನ್ ಮಾಡಿ ಮುಗಿಸಿದ ಮೇಲೆ.