ಯಾರೂ ಉತ್ತರ ಬರೆಯದಿದ್ದಾಗ

ಇವರಿಗೆ 34 ವರ್ಷ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ದೂರಶಿಕ್ಷಣದಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದಾರೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಧಾರವಾಡಕ್ಕೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಮಾತಾಡುತ್ತಾ ಹೋದಂತೆ, ಓದು ಬಿಟ್ಟುಬಿಡುವ ಯೋಚನೆ ಹೊರಬಂತು.

ಅವರ ಕೋರ್ಸಿನಲ್ಲಿ ಆನ್‌ಲೈನ್ ಚರ್ಚೆಗೂ ಅಂಕ ಇದೆ. ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂಬುದು ಒಂದು ವಾರದ ವಿಷಯ. ಇವರು ತಾವು ಮಾರುಕಟ್ಟೆಯಲ್ಲಿ ನೋಡುತ್ತಿದ್ದ ಇ-ಟೆಂಡರ್, ಅಂದರೆ ಖರೀದಿದಾರರು ಆನ್‌ಲೈನ್‌ನಲ್ಲಿ ದರ ಕೂಗುವ ಪದ್ಧತಿ, ಅದರ ಬಗ್ಗೆ ಬರೆದರು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯ ಮೆಣಸಿನಕಾಯಿಗೆ ಇರುವ ವ್ಯತ್ಯಾಸ, ಬಣ್ಣಕ್ಕೆ ಸಿಗುವ ಬೆಲೆ, ಕಾಯಿ ಸರಿಯಾಗಿ ಒಣಗದಿದ್ದರೆ ದರ ಬೀಳುವುದು, ಎಲ್ಲಾ ಇತ್ತು. ಒಂದೂ ಉತ್ತರ ಬರಲಿಲ್ಲ. ಇನ್ನೊಬ್ಬರು ಹಾಕಿದ ಎರಡು ಸಾಲಿಗೆ ಮಾತ್ರ ಸಾಲುಸಾಲು ಉತ್ತರ.

"ಹಳ್ಳಿ ಕನ್ನಡ ಅಂತ ನಕ್ಕಿರಬೇಕ್ರೀ ಮೇಡಂ. ಎಲ್ಲಾರೂ ಓದ್ಯಾರ, ಯಾರೂ ಮಾತಾಡವಲ್ರು" ಅಂದರು. ರಾತ್ರಿ ಎದ್ದೆದ್ದು ಫೋನ್ ನೋಡುತ್ತಿದ್ದರು.

ಆ ಬರಹವನ್ನೇ ತೋರಿಸಿ ಅಂದೆ. ಪೂರ್ತಿ ಓದಿದೆ. ಪಠ್ಯದಲ್ಲಿ ಸಿಗದ ತಿಳಿವಳಿಕೆ ಅದು, ನಿಜವಾಗಿ ಚೆನ್ನಾಗಿತ್ತು. ಆದರೆ ತುಂಬಾ ಉದ್ದ. ಹಾಕಿದ್ದು ಗಡುವಿನ ಕೊನೆಯ ರಾತ್ರಿ. ಕೊನೆಗೆ ತೀರ್ಮಾನವನ್ನೂ ಅವರೇ ಕೊಟ್ಟಿದ್ದರು. ಓದಿದವರಿಗೆ ಸೇರಿಸಲು ಏನೂ ಉಳಿದಿರಲಿಲ್ಲ. ಎರಡು ಸಾಲಿನವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮೂರ ಸಂತೆಯಲ್ಲಿ ಸಂಜೆ ತರಕಾರಿ ಯಾಕೆ ಅಗ್ಗವಾಗುತ್ತದೆ? ಇದಕ್ಕೆ ಯಾರು ಬೇಕಾದರೂ ಉತ್ತರಿಸಬಹುದು, ಅಲ್ವಾ?

ತರಗತಿಯಲ್ಲಿ ಕೂತಿದ್ದರೆ ಪಕ್ಕದವರು ತಲೆ ಆಡಿಸಿದ್ದಾದರೂ ಕಾಣುತ್ತದೆ. ಇಲ್ಲಿ ಅದಿಲ್ಲ. ಆ ಖಾಲಿ ಜಾಗದಲ್ಲಿ ನಮ್ಮ ಹಳೆಯ ಅಂಜಿಕೆ ಬಂದು ಕೂರುತ್ತದೆ. ಇವರಿಗೆ ಕಾಲೇಜಿನ ದಿನಗಳಿಂದಲೂ ತಮ್ಮ ಮಾತಿನ ಬಗ್ಗೆ ಸಂಕೋಚ. ನಕ್ಕಿದ್ದನ್ನು ಅವರು ಎಲ್ಲೂ ನೋಡಿರಲಿಲ್ಲ. ಅದನ್ನು ಅವರ ಬಾಯಿಂದಲೇ ಹೇಳಿಸಿದೆ.

ದೂರಶಿಕ್ಷಣದಲ್ಲಿ ಕಲಿಯುವವರ ಒಡನಾಟ ಮೂರು ಬಗೆ ಎಂದು ಮೈಕೆಲ್ ಮೂರ್ ಎಂಬ ಶಿಕ್ಷಣತಜ್ಞರು 1989ರಲ್ಲಿ ಬರೆದರು: ಪಾಠದ ಜೊತೆ, ಶಿಕ್ಷಕರ ಜೊತೆ, ಸಹಪಾಠಿಗಳ ಜೊತೆ. ಇವರಿಗೆ ಮೊದಲನೆಯದು ಗಟ್ಟಿಯಾಗಿತ್ತು. ಮೂರನೆಯದು ಶುರುವೇ ಆಗಿರಲಿಲ್ಲ. "ನೀವು ಇಲ್ಲಿವರೆಗೆ ಯಾರಿಗೆ ಉತ್ತರ ಬರೆದೀರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಯಾರಿಗೂ ಇಲ್ರೀ" ಅಂದರು.

ನನ್ನ ಸಲಹೆ ಅಲ್ಲಿಂದಲೇ ಶುರುವಾಯಿತು. ಮೊದಲು ಬೇರೆ ಇಬ್ಬರಿಗೆ, ಹೆಸರು ಹಿಡಿದು, ಅವರು ಬರೆದದ್ದರಲ್ಲಿ ಒಂದು ಅಂಶ ಎತ್ತಿಕೊಂಡು ಉತ್ತರಿಸಿ. ಸುಮ್ನೆ 'ಒಳ್ಳೆಯ ವಿಚಾರ' ಅಂತ ಬರೆದು ಹೋಗಬೇಡಿ. ಅದು ಅಂಕಕ್ಕೆ ಸಾಕಾಗಬಹುದು, ಚರ್ಚೆ ಆಗುವುದಿಲ್ಲ. ನಿಮ್ಮ ಬರಹ ವಾರದ ಆರಂಭದಲ್ಲೇ ಹಾಕಿ. ಒಂದೇ ವಿಷಯ ಹೇಳಿ, ನಿಮಗೆ ನಿಜವಾಗಿ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ. ಭಾಷೆ ತಿದ್ದಲು ಹೋಗಬೇಡಿ. ಫೋನ್ ನೋಡುವುದು ಊಟದ ಹೊತ್ತಿಗೆ ಮತ್ತು ಸಂಜೆ ಅಂಗಡಿ ಮುಚ್ಚಿದ ಮೇಲೆ; ಮಲಗುವಾಗ ಅದು ಬೇರೆ ಕೋಣೆಯಲ್ಲಿರಲಿ.

ಶಿಕ್ಷಕರಿಗೂ ಒಂದು ಸಾಲು ಬರೆಯಿರಿ ಅಂದೆ. ಉತ್ತರ ಸಿಗದ ಬರಹಗಳ ಕೆಳಗೆ ಶಿಕ್ಷಕರು ಮೊದಲ ವಾರಗಳಲ್ಲಾದರೂ ಏನಾದರೂ ಬರೆಯಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಕೆಲಸ, ಸಂಸಾರದ ನಡುವೆ ಓದುವವರನ್ನು ಹೀಗೆ ಒಂಟಿ ಬಿಡಬಾರದು.

ಮುಂದಿನ ಭೇಟಿಗೆ ಬಂದಾಗ ಫೋನ್ ತೋರಿಸಿದರು. ಟೆಂಡರ್‌ನಲ್ಲಿ ಖರೀದಿದಾರರು ಕಡಿಮೆ ಇದ್ದ ದಿನ ರೈತ ಮಾಲು ವಾಪಸ್ ಒಯ್ಯಬೇಕೋ, ಕೊಡಬೇಕೋ ಅಂತ ಕೇಳಿದ್ದರು. ಶಿರಸಿ ಕಡೆಯ ಸಹಪಾಠಿಯೊಬ್ಬರು ಅಡಿಕೆ ಟೆಂಡರ್ ಉದಾಹರಣೆ ಕೊಟ್ಟು ಉತ್ತರ ಬರೆದಿದ್ದರು. ಇನ್ನೊಬ್ಬರು ಒಪ್ಪದೆ ವಾದಿಸಿದ್ದರು. ನಿದ್ದೆ ಸುಧಾರಿಸಿದೆ. ವಿಡಿಯೊ ತರಗತಿಯಲ್ಲಿ ಮೈಕ್ ಹಾಕಿ ಮಾತಾಡಲು ಮಾತ್ರ ಇನ್ನೂ ಅಂಜುತ್ತಾರೆ. ಈಗ ಅದರ ಮೇಲೆ ಕೆಲಸ ಮಾಡುತ್ತಿದ್ದೇವೆ.