ಶಿಮಾಜು ಮನೆತನ ಮತ್ತು ಅಮಾಮಿಯ ಬೆಲ್ಲ

ಪತ್ರ: ಕಳೆದ ಸಂಚಿಕೆಯಲ್ಲಿ ಜಪಾನಿನ ಶಿಮಾಜು ಸಮುರಾಯ್ ಮನೆತನವನ್ನು ಬಹಳ ಮೆಚ್ಚಿ ಬರೆದಿದ್ದೀರಿ. ಸುಮಾರು 700 ವರ್ಷ ಆಳಿದ್ದು ಬರೀ ಕತ್ತಿಯ ಬಲದಿಂದಲೇ? ಅಷ್ಟೆಲ್ಲ ಖರ್ಚಿಗೆ ದುಡ್ಡು ಎಲ್ಲಿಂದ ಬಂತು?
— ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಆ ಲೇಖನ ಅಚ್ಚಿಗೆ ಹೋಗುವ ಮೊದಲು ನಾವೇ ಕೇಳಿಕೊಳ್ಳಬೇಕಿತ್ತು.

ಕತ್ತಿಯ ಬಲ ಇತ್ತು, ನಿಜ. 1185ರಲ್ಲಿ ಕ್ಯೂಶೂ ದ್ವೀಪದ ದಕ್ಷಿಣದ ಶಿಮಾಜು ಎಂಬ ಜಹಗೀರಿನ ಅಧಿಕಾರ ತಡಹಿಸ ಎಂಬವನಿಗೆ ಸಿಕ್ಕಿತು; ಅದೇ ಮನೆತನದ ಹೆಸರಾಯಿತು. 1600ರ ಸೆಕಿಗಹರ ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದರೂ ಅವರು ಆಳುತ್ತಿದ್ದ ಸತ್ಸುಮಾ ಸೀಮೆ ಕೈತಪ್ಪಲಿಲ್ಲ. ದೇಶವಾಳುವ ಸೇನಾಧಿಪತಿ ಶೋಗುನ್ ಕುಳಿತ ಎಡೊದಿಂದ (ಇಂದಿನ ಟೋಕಿಯೊ) ಅಷ್ಟು ದೂರದ ಮೂಲೆಯಲ್ಲಿದ್ದುದೂ ಅವರನ್ನು ಕಾಪಾಡಿತು.

ಆದರೆ ದುಡ್ಡಿನ ಕಥೆ ಬೇರೆ. 1609ರಲ್ಲಿ ಅವರು ದಕ್ಷಿಣದ ಕಡಲಿನಾಚೆಯ, ಇಂದಿನ ಓಕಿನಾವಾ ಕಡೆಯ ರ್‍ಯೂಕ್ಯೂ ರಾಜ್ಯದ ಮೇಲೆ ದಂಡೆತ್ತಿ ಹೋಗಿ ಅಮಾಮಿ ದ್ವೀಪಗಳನ್ನು ಕಿತ್ತುಕೊಂಡರು. ಮುಂದೆ ಅಲ್ಲಿ ಕಬ್ಬಿನ ಬೆಳೆ ಹಬ್ಬಿತು. ಗಾಣದಲ್ಲಿ ಅರೆದು, ರಸ ಕಾಯಿಸಿ, ಸುಣ್ಣ ಹಾಕಿ ಗಟ್ಟಿ ಮಾಡಿದ ಕಪ್ಪು ಸಕ್ಕರೆ; ನಮ್ಮ ಆಲೆಮನೆ ಕಂಡವರಿಗೆ ಅದು ಬೆಲ್ಲವೇ. 19ನೆಯ ಶತಮಾನದ ಮೊದಲರ್ಧದಲ್ಲಿ ಸತ್ಸುಮಾದ ಸಾಲ, ಆಗಿನ ಚಿನ್ನದ ನಾಣ್ಯದ ಲೆಕ್ಕದಲ್ಲಿ, ಸುಮಾರು 50 ಲಕ್ಷ ರ್‍ಯೋಗೆ ಏರಿತ್ತು. ಜುಶೊ ಹಿರೊಸಾಟೊ ಎಂಬ ಅಧಿಕಾರಿ ಸಾಲ ಕೊಟ್ಟ ವರ್ತಕರಿಗೆ ಬಡ್ಡಿಯಿಲ್ಲದೆ 250 ವರ್ಷಗಳ ಕಂತು ಕಟ್ಟಿಕೊಟ್ಟ! ಅತ್ತ ಅಮಾಮಿಯ ಅಷ್ಟೂ ಬೆಲ್ಲ ಸರಕಾರಕ್ಕೇ ಸೇರಬೇಕೆಂದ. ಕದ್ದು ಮಾರಿದರೆ ಮರಣದಂಡನೆ. ಭತ್ತದ ಗದ್ದೆಗಳು ಕಬ್ಬಿಗೆ ಹೋದವು. ಹೊಟ್ಟೆಗಿಲ್ಲದ ವರ್ಷ ಜನ ಸೈಕಾಡ್ ಗಿಡದ ಕಾಯಿಯ ವಿಷವನ್ನು ನೆನೆಸಿ ತೊಳೆದು ತೆಗೆದು, ಹಿಟ್ಟು ಮಾಡಿ ಉಂಡರು. ಸಾಲ ತೀರಿಸಲಾಗದವರು ಉಳ್ಳವರ ಮನೆಯಲ್ಲಿ ಜೀತಕ್ಕೆ ನಿಂತರು. ಅವರಿಗೆ ಅಲ್ಲಿ 'ಯಾಂಚು' ಎನ್ನುತ್ತಿದ್ದರು.

ನಾವು ಆ ಲೇಖನದಲ್ಲಿ ಹಾಡಿ ಹೊಗಳಿದ ಶಿಮಾಜು ದೊರೆ ನರಿಯಾಕಿರ ಗದ್ದುಗೆಗೆ ಬಂದದ್ದು 1851ರಲ್ಲಿ, ಹೀಗೆ ತುಂಬಿದ ಬೊಕ್ಕಸದ ಮೇಲೆ. ಕುಲುಮೆ, ಫಿರಂಗಿ, ಹಡಗು, ಗಾಜು, ಎಲ್ಲವನ್ನೂ ಅವನು ಸತ್ಸುಮಾದ ಮುಖ್ಯ ಪಟ್ಟಣ ಕಾಗೊಶಿಮಾದಲ್ಲಿ ಮಾಡಿಸಿದ. ಅವನ ಕಾಲದ ಕೆಂಪು ಗಾಜಿನ ಬಟ್ಟಲನ್ನೇ ನೋಡಿ: ತಿಳಿಗಾಜಿನ ಮೇಲೆ ದಪ್ಪನೆಯ ಬಣ್ಣದ ಗಾಜು ಹೊದಿಸಿ ಓರೆಯಾಗಿ ಕೊರೆದಿದ್ದಾರೆ. ಅಂಚಿನ ಕಡುಗೆಂಪು ಕೊರೆತದ ಆಳಕ್ಕೆ ಇಳಿದಂತೆ ತಿಳಿಯಾಗಿ ಕರಗಿಹೋಗುತ್ತದೆ. ಅದನ್ನು ಮೆಚ್ಚದಿರುವುದು ನನ್ನಿಂದ ಇಂದಿಗೂ ಆಗದು. ಆದರೂ ಅವನು ಸಕ್ಕರೆಯ ಏಕಸ್ವಾಮ್ಯವನ್ನು ಸಡಿಲಿಸಲಿಲ್ಲ.

1858ರಲ್ಲಿ ನರಿಯಾಕಿರ ತೀರಿಕೊಂಡ. 1863ರಲ್ಲಿ ಬ್ರಿಟಿಷ್ ನೌಕೆಗಳ ಗುಂಡಿಗೆ ಕಾರ್ಖಾನೆಗಳು ಸುಟ್ಟವು. ಐದೇ ವರ್ಷದಲ್ಲಿ ಸತ್ಸುಮಾದವರು ಚೋಶೂ ಸೀಮೆಯವರ ಜೊತೆಗೂಡಿ ಶೋಗುನ್ ಆಡಳಿತವನ್ನು ಉರುಳಿಸಿದರು. 1871ರಲ್ಲಿ ಸಂಸ್ಥಾನಗಳೇ ರದ್ದಾದವು, ವರ್ತಕರ ಉಳಿದ ಕಂತುಗಳು ಅಲ್ಲಿಗೆ ಮುಳುಗಿದವು.

ಕೊರೆದ ಗಾಜಿನ ಕಸುಬು ಕಾಗೊಶಿಮಾದಲ್ಲಿ 1980ರ ದಶಕದಲ್ಲಿ ಮತ್ತೆ ಜೀವ ಪಡೆಯಿತು. ಅಮಾಮಿಯಲ್ಲಿ ಕಪ್ಪು ಸಕ್ಕರೆಗೆ ಕಬ್ಬಿನ ರಸ ಇಂದಿಗೂ ಕುದಿಯುತ್ತದೆ. ನಮ್ಮ ಲೇಖನದಲ್ಲಿ ಗಾಜಿನ ಚಿತ್ರವಿತ್ತು, ಅಮಾಮಿಯ ಹೆಸರೂ ಇರಲಿಲ್ಲ. ಆ ತಪ್ಪು ನನ್ನದು.