ಜನಸಾಗರ ಅಂದರೆ ಎಷ್ಟು ಜನ?

ಸಿಯಾಟಲ್‌ನಿಂದ ಲೇಖನ ಕಳಿಸಿದ ಗೆಳೆಯರಿಗೆ,

ಅಮೆರಿಕದ ಸಾಕರ್ (ನಾವು ಫುಟ್‌ಬಾಲ್ ಅನ್ನುವ ಆಟ) ಅಭಿಮಾನಿಗಳ ಬಗ್ಗೆ ನೀವು ಬರೆದ ಲೇಖನ ತಲುಪಿ ಮೂರು ವಾರವಾಯಿತು. ಎರಡು ಸಲ ಸುಮ್ಮನೆ ಓದಿದೆ. ಮೂರನೇ ಸಲ ಕೆಂಪು ಪೆನ್ನು ಹಿಡಿದು ಓದಿದೆ. ಉತ್ತರವನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಭಾಷೆ ಚೆನ್ನಾಗಿದೆ. ಕಾಗುಣಿತ ತಪ್ಪಿಲ್ಲ. ವಿಷಯ ನಮ್ಮ ಓದುಗರಿಗೆ ಹೊಸದು. ಹೊಗಳಿಕೆ ಇಷ್ಟು ಸಾಕು ಅಲ್ವಾ? ಇನ್ನು ಜಗಳಕ್ಕೆ ಬರೋಣ.

ನಿಮ್ಮ ಮೊದಲ ವಾಕ್ಯ: “ಅಂದು ಲುಮೆನ್ ಫೀಲ್ಡ್ ಕ್ರೀಡಾಂಗಣಕ್ಕೆ ಜನಸಾಗರವೇ ಹರಿದುಬಂದಿತ್ತು.”

ಸಾಗರ ಎಲ್ಲಿಗೂ ಹರಿದು ಬರುವುದಿಲ್ಲ, ಅದು ಹೋಗಲಿ. ಈ ಪದವನ್ನು ನಮ್ಮ ಪತ್ರಿಕೆಗಳು ಜಾತ್ರೆಗೂ ಹಾಕುತ್ತವೆ, ಚುನಾವಣಾ ಸಭೆಗೂ ಹಾಕುತ್ತವೆ, ಜಂಬೂಸವಾರಿಗೂ ಹಾಕುತ್ತವೆ. ಸಿಯಾಟಲ್‌ನ ಜನ ಹೇಗೆ ಬಂದರು ಅನ್ನುವುದು ಇದರಿಂದ ನನಗೆ ತಿಳಿಯಲಿಲ್ಲ. ನಿಮಗೆ ಮಾತ್ರ ಚೆನ್ನಾಗಿ ಗೊತ್ತಿತ್ತು! ಪಯೋನಿಯರ್ ಸ್ಕ್ವೇರ್ ಹತ್ತಿರ ಸೇರಿ, ಬ್ಯಾಂಡು ಬಾರಿಸಿಕೊಂಡು, ಹಸಿರು ಸ್ಕಾರ್ಫ್ ಎತ್ತಿ ಹಿಡಿದು, ಹಾಡುತ್ತಾ ಕ್ರೀಡಾಂಗಣದವರೆಗೆ ನಡೆದರು ಅಂತ ಮೂರನೇ ಪುಟದಲ್ಲಿ ಬರೆದಿದ್ದೀರಿ. ಕಣ್ಣಾರೆ ಕಂಡದ್ದನ್ನು ಮೂರನೇ ಪುಟಕ್ಕೆ ತಳ್ಳಿ, ಯಾರೋ ಸವೆಸಿದ ಪದವನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಯಾಕೆ?

ಎರಡನೇ ವಾಕ್ಯ: “40 ಸಾವಿರ ಮಂದಿ ಕಿಕ್ಕಿರಿದು ಪಂದ್ಯ ವೀಕ್ಷಿಸಿದರು.”

ಈ 40 ಸಾವಿರ ನಿಮಗೆ ಎಲ್ಲಿ ಸಿಕ್ಕಿತು? ದೊಡ್ಡ ಪರದೆಯ ಮೇಲೆ ತೋರಿಸಿದ್ದು ಅಂತ ನೀವೇ ಹೇಳಿದ್ದೀರಿ. ಆದರೆ ಅಲ್ಲಿನ ದೊಡ್ಡ ಲೀಗಾದ ಮೇಜರ್ ಲೀಗ್ ಸಾಕರ್‌ನಲ್ಲಿ ಪ್ರಕಟಿಸುವ ಹಾಜರಿ ಅಂದರೆ ಮಾರಿದ ಮತ್ತು ಹಂಚಿದ ಟಿಕೆಟ್‌ಗಳ ಲೆಕ್ಕ. ಗೇಟು ದಾಟಿ ಒಳಗೆ ಬಂದ ತಲೆಗಳ ಲೆಕ್ಕ ಬೇರೆ. ಸೀಸನ್ ಟಿಕೆಟ್ ಇರುವವನು ಮಳೆ ಅಂತ ಮನೆಯಲ್ಲಿ ಹೊದ್ದು ಮಲಗಿದರೂ ಅವನು ಹಾಜರ್. ಕಾಲೇಜಿನಲ್ಲಿ ನಾವು ಪ್ರಾಕ್ಸಿ ಕೂಗುತ್ತಿದ್ದೆವಲ್ಲ, ಹೆಚ್ಚುಕಡಿಮೆ ಹಾಗೆ. ಅದೂ ಹೋಗಲಿ ಅಂದರೆ, ಎರಡನೇ ಪುಟದಲ್ಲಿ ಈ ಸಾಲು: “ಪಕ್ಕದ ಐದು ಸೀಟು ಕೊನೆಯವರೆಗೂ ಖಾಲಿ ಇದ್ದುದರಿಂದ ಬ್ಯಾಗುಗಳನ್ನು ಅಲ್ಲೇ ಇಟ್ಟೆವು.” ಕಿಕ್ಕಿರಿದ ಕಡೆ ಬ್ಯಾಗು ಇಡಲು ಐದು ಸೀಟು! ಸ್ವಾಮಿ, ನಿಮ್ಮ ಲೇಖನ ಕೂತಿದ್ದೇ ಆ ಐದು ಸೀಟುಗಳಲ್ಲಿ. ನೀವು ಅದರ ಮೇಲೆ ಬ್ಯಾಗು ಇಟ್ಟು ಬಂದಿರಿ.

ನನಗೆ ಇಷ್ಟು ಸಿಟ್ಟು ಬರಲು ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಒಂದು ಲೋಕಲ್ ಫುಟ್‌ಬಾಲ್ ಪಂದ್ಯದ ವರದಿಯಲ್ಲಿ ನಾನೂ “ಕಿಕ್ಕಿರಿದ ಪ್ರೇಕ್ಷಕರು” ಅಂತ ಬರೆದಿದ್ದೆ. ಚೀಫ್ ಸಬ್ ಎಡಿಟರ್ ಕನ್ನಡಕದ ಮೇಲಿಂದ ನೋಡಿದರು. “ಏನಯ್ಯಾ, ಕಾಲು ಚಾಚೋಕೆ ಜಾಗ ಇತ್ತೋ ಇಲ್ವೋ?” “ಇತ್ತು ಸಾರ್.” “ಮತ್ತೆ? ನಾಳೆ ಹೋಗು. ಎಣಿಸ್ಕೊಂಡು ಬಾ.” ನಿಜವಾಗಿಯೂ ಕಳಿಸಿದರು. ಮಾರನೆಯ ದಿನ ಆಟ ಬಿಟ್ಟು ಮೆಟ್ಟಿಲ ಸಾಲು ಎಣಿಸಿದೆ, ಒಂದು ಸಾಲಿನ ತಲೆ ಎಣಿಸಿದೆ, ಗುಣಿಸಿದೆ. 640 ಬಂತು. ನಾಚಿಕೆಯಾಗಿ, ಸುಮ್ನೆ ಮಾತಿಗೆ ಕಡ್ಲೆಕಾಯಿ ಮಾರುವವರನ್ನು ಕೇಳಿದೆ. “ಇವತ್ತು ಜಾಸ್ತಿ ಕಣಪ್ಪ, ನಿನ್ನೆ ಅರ್ಧ ಬುಟ್ಟಿ ವಾಪಸ್ ಹೊತ್ಕೊಂಡು ಹೋದೆ” ಅಂದರು. ಚೀಫ್ ನನ್ನ ಗುಣಾಕಾರವನ್ನೆಲ್ಲ ಹೊಡೆದು ಹಾಕಿ ಆ ಅರ್ಧ ಬುಟ್ಟಿಯನ್ನು ಉಳಿಸಿಕೊಂಡರು. ಎರಡು ದಿನ ಅವರ ಮೇಲೆ ಮುನಿಸಿಕೊಂಡಿದ್ದೆ.

ಇನ್ನೊಂದು ವಾಕ್ಯ ಇದೆ. ಅದನ್ನು ಓದಿ ಚಹಾ ತಣ್ಣಗಾಗುವವರೆಗೂ ಗೊಣಗಿದ್ದೇನೆ. “ಮೆಸ್ಸಿ ಕಾಲಿಡುವ ತನಕ ಅಮೆರಿಕದಲ್ಲಿ ಸಾಕರ್ ಕೇಳುವವರಿರಲಿಲ್ಲ.”

ಮೆಸ್ಸಿ ಅಮೆರಿಕದ ಇಂಟರ್ ಮಯಾಮಿ ತಂಡಕ್ಕೆ ಬಂದದ್ದು 2023ರಲ್ಲಿ. ನಿಮ್ಮೂರಿನ ಸೌಂಡರ್ಸ್ ತಂಡ ಲೀಗಿಗೆ ಸೇರಿದ್ದು 2009ರಲ್ಲಿ, ಮೊದಲ ವರ್ಷವೇ ಪಂದ್ಯದ ಸರಾಸರಿ ಹಾಜರಿ 30 ಸಾವಿರ ದಾಟಿತ್ತು. ಆಗ ಮೆಸ್ಸಿ ಬಾರ್ಸಿಲೋನಾದಲ್ಲಿದ್ದರು. 2018ರಲ್ಲಿ ಅಟ್ಲಾಂಟಾ ಯುನೈಟೆಡ್‌ನ ಸರಾಸರಿ 53 ಸಾವಿರ. ಆಗಲೂ ಮೆಸ್ಸಿ ಬಾರ್ಸಿಲೋನಾದಲ್ಲೇ ಇದ್ದರು. ದೊಡ್ಡ ಹೆಸರಿನ ಹಿಂದೆ ಜನ ಬರುವುದಿಲ್ಲ ಅಂತಲ್ಲ. ಪೆಲೆ ಆಡುತ್ತಿದ್ದ ನ್ಯೂಯಾರ್ಕ್ ಕಾಸ್ಮೋಸ್ ತಂಡವನ್ನು ನೋಡಲು 1977ರ ಆಗಸ್ಟ್‌ನಲ್ಲಿ ಜೈಂಟ್ಸ್ ಸ್ಟೇಡಿಯಂಗೆ 77,691 ಮಂದಿ. ಆದರೆ 1984ರ ಸೀಸನ್ ಆದಮೇಲೆ ಕಾಸ್ಮೋಸ್ ಆಡುತ್ತಿದ್ದ ಆ ಹಳೆಯ ಲೀಗಿನ ಕಥೆಯೇ ಮುಗಿಯಿತು. ಮೆಸ್ಸಿ ಬಗ್ಗೆ ಬರೆಯಲೇಬೇಕು ಅನ್ನಿಸಿದರೆ ಈ ಕಾಸ್ಮೋಸ್ ಪಕ್ಕದಲ್ಲಿ ಇಟ್ಟು ಬರೆಯಿರಿ.

ನೀವು ಹುಡುಕಿದ “ಕೇಳುವವರು” ಓಹಾಯೋದ ಕೊಲಂಬಸ್‌ನಲ್ಲಿದ್ದರು. ಮೇಜರ್ ಲೀಗ್ ಸಾಕರ್‌ಗೆಂದೇ ಕಟ್ಟಿದ ಮೊದಲ ಸಾಕರ್ ಕ್ರೀಡಾಂಗಣ ಅಲ್ಲಿನದು, 1999ರದ್ದು. 2017ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೊಲಂಬಸ್ ಕ್ರೂ ತಂಡದ ಮಾಲೀಕ ಆಂಥನಿ ಪ್ರಿಕೋರ್ಟ್ ಹೊಸ ಕ್ರೀಡಾಂಗಣ ಆಗದಿದ್ದರೆ ತಂಡವನ್ನು ಟೆಕ್ಸಸ್‌ನ ಆಸ್ಟಿನ್‌ಗೆ ಒಯ್ಯುವ ಮಾತಾಡಿದರು. ಜನ ಸಾಲದು ಅನ್ನುವುದೂ ಕಾರಣಗಳಲ್ಲಿ ಒಂದು. ನೋಡಿ, ನೀವು ಮೆಚ್ಚಿ ಬರೆದ ಹಾಜರಿ ಲೆಕ್ಕವೇ ಅಲ್ಲಿ ಬಂದವರ ಮೇಲೆ ಕತ್ತಿಯಾಯಿತು. ಬಾರದವರಿಗಾಗಿ ಬಂದವರು ಬೈಸಿಕೊಳ್ಳಬೇಕು! ಅಭಿಮಾನಿಗಳು ‘ಸೇವ್ ದಿ ಕ್ರೂ’ ಅಂತ ಹೊರಟರು. ನಗರಾಡಳಿತ, ರಾಜ್ಯ ಎರಡೂ ಕೋರ್ಟಿಗೆ ಹೋದವು. ಕೈಗೆ ಸಿಕ್ಕಿದ್ದು ಒಂದು ಹಳೆಯ ಕಾನೂನು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಮಾಲೀಕ ಬಾಲ್ಟಿಮೋರ್‌ಗೆ ಒಯ್ದ ಮೇಲೆ ತಂಡಗಳು ಹಾಗೆ ಸುಮ್ಮನೆ ಊರು ಬಿಡದಂತೆ ಓಹಾಯೋದವರು ಮಾಡಿಕೊಂಡದ್ದು. ಕೊನೆಗೆ ಕ್ರೂ ತಂಡವನ್ನು ಕೊಂಡು ಅಲ್ಲೇ ಉಳಿಸಿದವರಲ್ಲಿ ಆಮೇಲೆ ಅದೇ ಹೆಸರಿನಲ್ಲಿ ಮತ್ತೆ ಹುಟ್ಟಿದ ಬ್ರೌನ್ಸ್‌ನ ಮಾಲೀಕರೂ ಸೇರಿದ್ದಾರೆ. ಇಂಥದ್ದು ಕಥೆಗಾರರಿಗೂ ಹೊಳೆಯುವುದಿಲ್ಲ. 2020ರಲ್ಲಿ ಅದೇ ಕ್ರೂ ತಂಡ ಲೀಗಿನ ಕಪ್ ಗೆದ್ದಾಗ ಕೋವಿಡ್ ಕಾಲ, ಗ್ಯಾಲರಿಯಲ್ಲಿ ಸುಮಾರು 1,500 ಜನ. ಆ ದಿನದ ಹಾಜರಿ ನೋಡಿ ಕೊಲಂಬಸ್ ಬಗ್ಗೆ ಏನು ಬರೆಯುತ್ತೀರಿ ಹೇಳಿ?

ಉಳಿದ ಸಣ್ಣಪುಟ್ಟದ್ದು ನನಗೆ ಬೇಡ. ಆಫ್‌ಸೈಡ್ ನಿಯಮ ವಿವರಿಸಿದ ಇಡೀ ಪುಟ ಕಿತ್ತು ಹಾಕಿ.

ನಾಲ್ಕನೇ ಪುಟದ ನಡುವೆ, ಯಾರಿಗೂ ಕಾಣದ ಹಾಗೆ, ಒಂದು ಸಾಲು ಬಿದ್ದಿದೆ. ದಕ್ಷಿಣದ ತುದಿಯಲ್ಲಿ ನಿಂತೇ ಹಾಡುವ ಗುಂಪನ್ನು ನೋಡಿ ನಿಮ್ಮ ಮಗ ಕೇಳುತ್ತಾನೆ: “ಅಪ್ಪಾ, ಇವ್ರು ದುಡ್ಡು ಕೊಟ್ಟು ಸೀಟು ತಗೊಂಡು ಯಾಕೆ ಕೂತ್ಕೊಳ್ಳಲ್ಲ?” ಈ ಸಾಲಿಗಾಗಿಯೇ ಮೂರು ಸಲ ಓದಿದ್ದು. ಪ್ರಶ್ನೆ ಬರೆದು ಮುಂದಿನ ಸಾಲಿಗೇ ಸ್ಕೋರು ಹೇಳಲು ಓಡಿದ್ದೀರಿ. ಮಗನಿಗೆ ಏನು ಉತ್ತರ ಕೊಟ್ಟಿರಿ? ಕೊಡಲಿಲ್ಲವೇ? ಆಮೇಲೆ ಅವನೂ ಎದ್ದು ನಿಂತನೇ?

ಅಲ್ಲಿಂದ ಶುರು ಮಾಡಿ ಮತ್ತೊಮ್ಮೆ ಬರೆದು ಕಳಿಸಿ. 1,000 ಪದ ಮೀರಬೇಡಿ. ಐದು ಖಾಲಿ ಸೀಟು ಇರಲಿ, ಬ್ಯಾಗು ಬೇಡ.

ನಿಮ್ಮ,
ಸಂಪಾದಕ